ಹಳೇ ಲ್ಯಾಪ್‌ಟಾಪ್‌ಗೆ ಬೇರೆ ಕಂಪನಿಯ ರ‍್ಯಾಮ್ ಹಾಕಬಹುದಾ? ಹೊಸದು ಕೊಳ್ಳುವ ಮೊದಲು ಈ ಲೆಕ್ಕ ನೋಡಿ

"ಎರಡು ಬೇರೆ ಬೇರೆ ರ‍್ಯಾಮ್ ಹಾಕಿದ್ರೆ ಬೋರ್ಡ್ ಸುಟ್ಟು ಹೋಗುತ್ತೆ ಸಾರ್, ಹೊಸ ಲ್ಯಾಪ್‌ಟಾಪೇ ತಗೊಳ್ಳಿ."

ಡಿಗ್ರಿ ಓದುತ್ತಿರುವ ಅಕ್ಕನ ಮಗಳ ಹಳೇ ಲ್ಯಾಪ್‌ಟಾಪ್ ಹಿಡಿದು ರಿಪೇರಿ ಅಂಗಡಿಗೆ ಹೋದಾಗ ನನಗೆ ಸಿಕ್ಕ ಉತ್ತರವಿದು. ಅದರಲ್ಲಿದ್ದದ್ದು 4 ಜಿಬಿ ರ‍್ಯಾಮ್, ಪಕ್ಕದಲ್ಲೇ ಒಂದು ಖಾಲಿ ಸ್ಲಾಟ್. ಮನೆಗೆ ಬಂದು, ನನ್ನ ಹಳೇ ಮಷಿನ್‌ನಿಂದ ತೆಗೆದಿಟ್ಟಿದ್ದ ಬೇರೆ ಕಂಪನಿಯ 4 ಜಿಬಿ ಹಾಕಿದೆ. ಓಡಿತು, ಈಗಲೂ ಓಡ್ತಿದೆ. ಹಾಗಂತ ಅಂಗಡಿಯವರ ಭಯ ಪೂರ್ತಿ ಸುಳ್ಳು ಅಂತ ಹೇಳಲಾರೆ. ಯಾವಾಗ ಬೆರೆಸಬಹುದು, ಯಾವಾಗ ಬೆರೆಸಬಾರದು ಅನ್ನೋದಕ್ಕೆ ಸ್ಪಷ್ಟ ನಿಯಮಗಳಿವೆ.

ಮೊದಲು ತಲೆಮಾರು

ಡಿಡಿಆರ್3, ಡಿಡಿಆರ್4, ಡಿಡಿಆರ್5 ಬೇರೆ ಬೇರೆ ತಲೆಮಾರುಗಳು. ಇವನ್ನು ಬೆರೆಸುವ ಪ್ರಶ್ನೆಯೇ ಇಲ್ಲ. ಪ್ರತಿಯೊಂದರ ಅಂಚಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ಗೆ ಇನ್ನೊಂದು ಕೂರೋದೇ ಇಲ್ಲ. ಒತ್ತಿ ಕೂರಿಸಲು ಹೋಗಬೇಡಿ.

ವೋಲ್ಟೇಜ್: ನಿಜವಾದ ಅಪಾಯ ಇಲ್ಲಿದೆ

ಡಿಡಿಆರ್3ಗೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35, ಡಿಡಿಆರ್4ಗೆ 1.2, ಡಿಡಿಆರ್5ಗೆ 1.1. ಡಿಡಿಆರ್3 ಮತ್ತು 3ಎಲ್ ಎರಡರ ಕಚ್ಚೂ ಒಂದೇ ಜಾಗದಲ್ಲಿದೆ, ಹಾಗಾಗಿ ಎಡವಟ್ಟಾಗೋದು ಇಲ್ಲೇ. ಸಾಮಾನ್ಯ ಬೋರ್ಡ್‌ಗಳಲ್ಲಿ ಇವೆರಡಕ್ಕೂ ಸಿಗುವುದು ಒಂದೇ ವೋಲ್ಟೇಜ್.

ಡಿಡಿಆರ್3ಎಲ್ 1.35ರಲ್ಲೂ ಓಡುತ್ತೆ, 1.5ರಲ್ಲೂ ಓಡುತ್ತೆ. ಹಾಗಾಗಿ 1.5 ಕೊಡುವ ಬೋರ್ಡ್‌ನಲ್ಲಿ ಎರಡನ್ನೂ ಬೆರೆಸಬಹುದು. ಆದರೆ 1.35 ಮಾತ್ರ ಕೊಡುವ ಬೋರ್ಡ್‌ಗೆ ಮಾಮೂಲಿ ಡಿಡಿಆರ್3 ಹಾಕಿದರೆ ಮಷಿನ್ ಆನ್ ಆಗದೇ ಇರಬಹುದು, ಅಥವಾ ಆನ್ ಆಗಿ ನಡುನಡುವೆ ಹ್ಯಾಂಗ್ ಆಗಬಹುದು. ಇಂಟೆಲ್ 4ನೇ ತಲೆಮಾರಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 3ಎಲ್ ಅನ್ನೇ ಕೇಳುತ್ತವೆ. ಲೇಬಲ್ ಮೇಲೆ 'ಪಿಸಿ3ಎಲ್' ಅಂತ ಇದೆಯಾ ನೋಡಿ. ಆ ಒಂದು 'ಎಲ್' ಅಕ್ಷರವೇ ಮುಖ್ಯ.

ಟೈಮಿಂಗ್: ನಿಧಾನದವನದ್ದೇ ನಡಿಗೆ

ಪ್ರತಿ ರ‍್ಯಾಮ್ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್‌ನಲ್ಲಿ ಅದರ ಜಾತಕ ಇರುತ್ತೆ. ಆನ್ ಮಾಡಿದಾಗ ಬಯಾಸ್ ಎಲ್ಲರ ಜಾತಕ ಓದಿ, ಎಲ್ಲರಿಗೂ ಸಾಧ್ಯವಾಗುವ ವೇಗವನ್ನು ಆರಿಸುತ್ತೆ. 3200ರ ಜೊತೆ 2400 ಹಾಕಿದರೆ ಎರಡೂ 2400ರಲ್ಲಿ ಓಡುತ್ತವೆ.

ಸಿಎಲ್ ಸಂಖ್ಯೆ ದೊಡ್ಡದಿದ್ದರೆ ನಿಧಾನ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಅದು ಬರೀ ಗಡಿಯಾರದ ಬಡಿತಗಳ ಎಣಿಕೆ. ನಿಜವಾದ ಸಮಯ ಬೇಕಿದ್ದರೆ ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. 3200 ಸಿಎಲ್22 ಅಂದರೆ 13.75 ನ್ಯಾನೋಸೆಕೆಂಡ್. 2400 ಸಿಎಲ್17 ಅಂದರೆ ಸುಮಾರು 14.17. ವ್ಯತ್ಯಾಸ ಅರ್ಧ ನ್ಯಾನೋಸೆಕೆಂಡ್ ಕೂಡ ಇಲ್ಲ.

ಗೇಮಿಂಗ್ ರ‍್ಯಾಮ್‌ಗಳ ಕಥೆ ಬೇರೆ. ಡಬ್ಬದ ಮೇಲಿರುವ ವೇಗ ಬಹುಪಾಲು ಎಕ್ಸ್‌ಎಂಪಿ ಆನ್ ಮಾಡಿದಾಗ ಮಾತ್ರ ಸಿಗುತ್ತೆ. ಡಿಡಿಆರ್4ನಲ್ಲಿ ಅದಕ್ಕೆ ಸಾಮಾನ್ಯವಾಗಿ 1.35 ವೋಲ್ಟ್ ಬೇಕು. ಮಾಮೂಲಿ ರ‍್ಯಾಮ್ ಜೊತೆ ಬೆರೆಸಿದ್ದರೆ ಎಕ್ಸ್‌ಎಂಪಿ ಆಫ್ ಮಾಡೋದೇ ಕ್ಷೇಮ.

4 ಜಿಬಿ ಜೊತೆ 8 ಜಿಬಿಯನ್ನೂ ಹಾಕಬಹುದು. ಇಂಟೆಲ್ ಮಷಿನ್‌ಗಳಲ್ಲಿ ಸಾಮಾನ್ಯವಾಗಿ 4+4 ಭಾಗ ಡ್ಯುಯಲ್ ಚಾನೆಲ್‌ನಲ್ಲಿ, ಉಳಿದ 4 ಸಿಂಗಲ್ ಚಾನೆಲ್‌ನಲ್ಲಿ ಓಡುತ್ತೆ.

ಆನ್ ಆದರೆ ಸಾಲದು

ಮಷಿನ್ ಆನ್ ಆಗದಿದ್ದರೆ ಹೊಸ ರ‍್ಯಾಮ್ ತೆಗೆದುಬಿಡಬಹುದು. ಕೆಟ್ಟದ್ದು ಅಂದರೆ, ಎಲ್ಲಾ ಸರಿಯಿದೆ ಅನ್ನಿಸುತ್ತಾ ಒಳಗೊಳಗೇ ಒಂದೊಂದು ಬಿಟ್ ತಪ್ಪಾಗೋದು. ಹಾಗಾದರೆ ಸೇವ್ ಮಾಡಿದ ಫೈಲ್‌ಗಳೇ ಕೆಡುತ್ತವೆ. ಆದ್ದರಿಂದ ಮೊದಲು ಬ್ಯಾಕಪ್ ತಗೊಳ್ಳಿ. ಆಮೇಲೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಓಡಿಸಿ. ಒಂದೇ ಒಂದು ದೋಷ ಬಂದರೂ ಆ ಜೋಡಿಯನ್ನು ಬಿಟ್ಟುಬಿಡಿ.

ಇದು ಬರೀ ಟೆಕ್ನಿಕಲ್ ವಿಷಯವಾ?

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಕನಿಷ್ಠ ರ‍್ಯಾಮ್ 4 ಜಿಬಿ ಮಾತ್ರ. ಆದರೂ ಪ್ರೊಸೆಸರ್ ಹಳತು, ಟಿಪಿಎಂ 2.0 ಇಲ್ಲ ಎಂಬ ಕಾರಣಕ್ಕೆ ಚೆನ್ನಾಗಿರುವ ಮಷಿನ್‌ಗಳು ಗುಜರಿಯ ದಾರಿ ಹಿಡಿಯುತ್ತಿವೆ. ಅವುಗಳಿಗೆ 8 ಜಿಬಿ ರ‍್ಯಾಮ್ ಕೊಟ್ಟು ಲಿನಕ್ಸ್ ಹಾಕಿದರೆ ವಿದ್ಯಾರ್ಥಿಯೊಬ್ಬರ ಓದು, ಬರಹ, ಆನ್‌ಲೈನ್ ಪಾಠಕ್ಕೆ ಧಾರಾಳ ಸಾಕು.

ಇತ್ತ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡ್‌ಗೇ ಬೆಸುಗೆ ಹಾಕಿ ಕೊಡುತ್ತಿದ್ದಾರೆ. ಸ್ಲಾಟೇ ಇಲ್ಲದಿದ್ದರೆ ಮೇಲಿನ ಯಾವ ಲೆಕ್ಕವೂ ಉಪಯೋಗಕ್ಕೆ ಬರಲ್ಲ. ನಮ್ಮ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವು ಹೆಚ್ಚು ಮಾತಾಡೋದು ಎಸೆದ ಮೇಲೆ ಏನಾಗಬೇಕು ಅನ್ನೋದರ ಬಗ್ಗೆ. ಎಸೆಯದೇ ಉಳಿಸಿಕೊಳ್ಳುವ ಹಕ್ಕಿನ ಬಗ್ಗೆ ನಾವೇ ಕೇಳಬೇಕಿದೆ. ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ ಬಣ್ಣ, ತೂಕ ಕೇಳುವ ಮೊದಲು ಇದನ್ನು ಕೇಳಿ: "ಇದ್ರಲ್ಲಿ ಖಾಲಿ ರ‍್ಯಾಮ್ ಸ್ಲಾಟ್ ಇದೆಯಾ?"