ಮೇಮ್

ಹಳೆಯ ಆರ್ಕೇಡ್ ಆಟಗಳ ಯಂತ್ರಾಂಶವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್ ತಂತ್ರಾಂಶ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದರು.

ಮೇಮ್ ಆಟವನ್ನು ಹೊಸದಾಗಿ ಬರೆಯುವುದಿಲ್ಲ. ಉದಾಹರಣೆಗೆ, 1980ರ ಪ್ಯಾಕ್‌-ಮ್ಯಾನ್ ಪೆಟ್ಟಿಗೆಯೊಳಗಿನ ಝಡ್80 ಪ್ರೊಸೆಸರ್, ಧ್ವನಿ ಮತ್ತು ಚಿತ್ರದ ಸರ್ಕ್ಯೂಟುಗಳ ನಡವಳಿಕೆಯನ್ನೇ ನಕಲು ಮಾಡಿ, ಮೂಲ ಚಿಪ್‌ಗಳಿಂದ ಓದಿಕೊಂಡ ರಾಮ್ (ROM) ಕಡತವನ್ನು ಅದರ ಮೇಲೆ ಓಡಿಸುತ್ತದೆ. ಹಾಗಾಗಿ ಮೂಲದ ತಪ್ಪುಗಳೂ ಜೊತೆಗೇ ಬರುತ್ತವೆ. 256ನೇ ಹಂತ ತಲುಪಿದರೆ ಎಂಟು ಬಿಟ್‌ಗಳ ಎಣಿಕೆ ತುಂಬಿ ಸೊನ್ನೆಗೆ ಮರಳುತ್ತದೆ; ಪರದೆಯ ಬಲ ಅರ್ಧವೆಲ್ಲ ಅಕ್ಷರ, ಚಿತ್ರಗಳ ಕಲಸುಮೇಲೋಗರ. ಅದನ್ನು ತಿದ್ದದೆ ಉಳಿಸಿಕೊಂಡಿರುವುದರಲ್ಲೇ ಮೇಮ್‌ನ ಹೆಚ್ಚುಗಾರಿಕೆಯಿದೆ.

ಹಳೆಯ ಬೋರ್ಡುಗಳು ಕೆಡುವ ಮೊದಲೇ ಅವುಗಳ ಚಿಪ್‌ಗಳನ್ನು ಓದಿಕೊಳ್ಳಬೇಕಾದ್ದರಿಂದ ಕಾಲದೊಡನೆ ಓಟವೂ ಇದೆ. ಕ್ಯಾಪ್‌ಕಾಮ್‌ನ ಸಿಪಿಎಸ್‌-2 ಆರ್ಕೇಡ್ ಬೋರ್ಡುಗಳಲ್ಲಿ ಗೂಢಲಿಪಿಯ ಕೀಲಿ ನಿಂತದ್ದು ಒಂದು ಬ್ಯಾಟರಿಯ ಮೇಲೆ. ಬ್ಯಾಟರಿ ಸತ್ತರೆ ಆ ಬೋರ್ಡಿನಲ್ಲಿ ಆಟವೂ ನಿಲ್ಲುತ್ತದೆ.

ಲಿನಕ್ಸ್ ಹವ್ಯಾಸಿಗಳಿಗೆ ಮೇಮ್ ಅಚ್ಚುಮೆಚ್ಚು. ಹಳೆಯ ಪಿಸಿಗೋ ರಾಸ್ಪ್‌ಬೆರಿ ಪೈಗೋ ಹಾಕಿ, ಜಾಯ್‌ಸ್ಟಿಕ್ ಜೋಡಿಸಿ, ಮರದ ಪೆಟ್ಟಿಗೆ ಕಟ್ಟುವವರಿದ್ದಾರೆ. ಆಡುವುದಕ್ಕಿಂತ ಸೆಟ್ಟಿಂಗ್ ತಿದ್ದುವುದರಲ್ಲೇ ಅವರ ರಾತ್ರಿ ಕಳೆಯುವುದೂ ಉಂಟು. ಕೀಬೋರ್ಡಿನ 5 ಒತ್ತಿದರೆ ನಾಣ್ಯ ಬಿದ್ದಂತೆ, 1 ಒತ್ತಿದರೆ ಆಟ ಶುರು.

2015ರಲ್ಲಿ ಹಳೆಯ ಕಂಪ್ಯೂಟರು, ಕನ್ಸೋಲುಗಳನ್ನು ಅನುಕರಿಸುವ ಮೆಸ್ ಯೋಜನೆ ಇದರಲ್ಲಿ ವಿಲೀನವಾಯಿತು. 2016ರಿಂದ ಮೇಮ್ ಮುಕ್ತ ತಂತ್ರಾಂಶ. ರಾಮ್ ಕಡತಗಳ ಹಕ್ಕು ಮಾತ್ರ ಬೇರೆಯೇ: ಅದು ಬಹುಪಾಲು ಆಟಗಳಲ್ಲಿ ಇಂದಿಗೂ ಕಂಪನಿಗಳ ಕೈಯಲ್ಲಿದೆ.