ಹೊಲಿಗೆ ಗುರುತಿನಲ್ಲಿ ಒಂದು ಗಂಟು

ಇವತ್ತಿನ ಕಥೆ ಒಂದು ಗಂಟಿನದು.

ಸಿಸೇರಿಯನ್ ಆಗಿ ವರ್ಷಗಳಾಗಿವೆ. ಗಾಯ ಯಾವತ್ತೋ ಮಾಗಿದೆ. ಆದ್ರೆ ಹೊಲಿಗೆ ಪಕ್ಕದಲ್ಲಿ ಒಂದು ಗಂಟು. ಮುಟ್ಟಿನ ದಿನಗಳಲ್ಲಿ ಊದುತ್ತೆ, ನೋಯುತ್ತೆ, ಆಮೇಲೆ ಸುಮ್ಮನಾಗುತ್ತೆ. ಇದನ್ನ ಸ್ಕಾರ್ ಎಂಡೊಮೆಟ್ರಿಯೋಸಿಸ್ ಅಂತಾರೆ. ಅಂದ್ರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಆಪರೇಷನ್ ಗಾಯದೊಳಗೆ ಬೆಳೆಯೋದು. ಅಲ್ಲಿಗೆ ಅದು ಬಂದಿದ್ದು ಹೇಗೆ?

ಒಂದು ಕಾಲದಲ್ಲಿ ಸಿಸೇರಿಯನ್ ಅಂದ್ರೆ ತಾಯಿಗೆ ಹೆಚ್ಚುಕಡಿಮೆ ಸಾವೇ. ಕೊಯ್ದ ಗರ್ಭಕೋಶವನ್ನು ಸಾಮಾನ್ಯವಾಗಿ ಹೊಲಿಯುತ್ತಲೇ ಇರಲಿಲ್ಲ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್, ಅದನ್ನೂ ಜೋಪಾನವಾಗಿ ಹೊಲಿಯಬೇಕು ಅಂತ ವಿಧಾನ ಸಮೇತ ಬರೆದರು. ತಾಯಂದಿರು ಬದುಕತೊಡಗಿದರು. ಬದುಕಿದವರ ಹೊಟ್ಟೆ ಮೇಲೆ ಗುರುತು ಉಳಿಯಿತು.

1903ರಲ್ಲಿ ರಾಬರ್ಟ್ ಮೆಯರ್ ಎಂಬ ಜರ್ಮನ್ ವೈದ್ಯ ಹೊಟ್ಟೆಯ ಆಪರೇಷನ್ ಗುರುತೊಂದರಲ್ಲಿ ಗ್ರಂಥಿಗಳಂಥ ಬೆಳವಣಿಗೆ ಕಂಡು ವರದಿ ಮಾಡಿದರು. ಹೊಟ್ಟೆಯ ಒಳಪೊರೆಯೇ ರೂಪ ಬದಲಿಸಿದೆ ಅನ್ನೋದು ಅವರ ವಿವರಣೆ. ಅಮೆರಿಕದ ಜಾನ್ ಸ್ಯಾಂಪ್ಸನ್ 1927ರಲ್ಲಿ ಬೇರೆಯದೇ ವಾದ ಮುಂದಿಟ್ಟರು: ಮುಟ್ಟಿನ ರಕ್ತ ಹಿಮ್ಮುಖವಾಗಿ ಹರಿದಾಗ ಈ ಅಂಗಾಂಶ ಜೊತೆಗೆ ಹೋಗಿ, ಬೇರೆ ಕಡೆ ನೆಲೆಯೂರುತ್ತೆ. ಗಾಯದ ಗಂಟು ಈ ವಾದಕ್ಕೆ ಬಲ ಕೊಟ್ಟಿತು. ಆಪರೇಷನ್ ವೇಳೆ ಗರ್ಭಕೋಶದ ಕಣಗಳು ಗಾಯಕ್ಕೆ ತಾಗಿ ಅಲ್ಲೇ ಬೇರೂರುತ್ತವೆ ಅನ್ನೋದು ಇವತ್ತು ಹೆಚ್ಚಿನ ವೈದ್ಯರು ಒಪ್ಪುವ ಕಾರಣ.

ಈಗ ಗರ್ಭಧಾರಣೆಯ ವಿಷಯ. ಎಂಡೊಮೆಟ್ರಿಯೋಸಿಸ್ ತಪ್ಪಿಸೋಕೆ ಬೇಗ ಮದುವೆಯಾಗಿ, ಬೇಗ ಮಕ್ಕಳು ಮಾಡಿಕೊಳ್ಳಿ ಅಂತ ಬಾಸ್ಟನ್‌ನ ಜೋ ಮೀಗ್ಸ್ ಪ್ರತಿಪಾದಿಸಿದ್ದರು. 1950ರ ದಶಕದ ಕೊನೆಗೆ ಅದೇ ಊರಿನ ರಾಬರ್ಟ್ ಕಿಸ್ಟ್‌ನರ್, ಹಾರ್ಮೋನ್ ಕೊಟ್ಟು ದೇಹವನ್ನು ಬಸಿರಿನಂಥ ಸ್ಥಿತಿಗೆ ತರುವ ಚಿಕಿತ್ಸೆ ಶುರುಮಾಡಿದರು. ಹಾರ್ಮೋನ್ ಮಾತ್ರೆಗಳಿಂದ ಎಷ್ಟೋ ಜನರ ನೋವು ತಗ್ಗಿದ್ದು ನಿಜ. ಆದ್ರೆ "ಒಂದು ಮಗು ಆಗ್ಲಿ, ಎಲ್ಲಾ ಸರಿಹೋಗುತ್ತೆ" ಅನ್ನೋ ಮಾತು ಮಾತ್ರ ಮನೆಮನೆಯಲ್ಲಿ ಔಷಧಿ ಥರ ಉಳಿದುಬಿಟ್ಟಿದೆ.

ಈ ಗಂಟು ಆ ಮಾತನ್ನ ಸುಳ್ಳು ಮಾಡುತ್ತೆ. ಎಷ್ಟೋ ಜನರಿಗೆ ಇದು ಬಂದಿರೋದೇ ಹೆರಿಗೆ ಆಪರೇಷನ್‌ನಿಂದ. ಮುಂದಿನ ಬಸಿರಲ್ಲಿ ಇದು ಕೆಲವರಿಗೆ ಕುಗ್ಗಬಹುದು. ಇನ್ನು ಕೆಲವರಿಗೆ ಪ್ರೊಜೆಸ್ಟರಾನ್ ಪ್ರಭಾವದಿಂದ ಜೀವಕೋಶಗಳು ಉಬ್ಬಿ, ಗಂಟು ಬೇಗ ದೊಡ್ಡದಾಗಬಹುದು. ಸ್ಕ್ಯಾನಿಂಗ್‌ನಲ್ಲಿ ಕ್ಯಾನ್ಸರ್ ಇರಬಹುದಾ ಅನ್ನೋ ಅನುಮಾನವೂ ಬರಬಹುದು. ಮುಟ್ಟು ನಿಂತಿರೋದ್ರಿಂದ, ತಿಂಗಳು ತಿಂಗಳು ನೋಯುತ್ತಿತ್ತು ಅನ್ನೋ ದೊಡ್ಡ ಸುಳಿವೂ ಆಗ ಇರಲ್ಲ.

ಹಾಗಾಗಿ ಆ ಸುಳಿವನ್ನ ನೀವೇ ಬಾಯಿಬಿಟ್ಟು ಹೇಳಬೇಕು: "ಡಾಕ್ಟ್ರೇ, ಮೊದಲು ಇದು ಮುಟ್ಟಾದಾಗಲೆಲ್ಲ ನೋಯುತ್ತಿತ್ತು." ಹರ್ನಿಯಾನಾ, ಹೊಲಿಗೆ ದಾರದ ತೊಂದರೆನಾ, ಇದೇನಾ ಅಂತ ಪತ್ತೆಹಚ್ಚೋಕೆ ಅವರಿಗೆ ಆ ಒಂದು ವಾಕ್ಯ ಬೇಕು. ಅಕ್ಕನೋ ಅತ್ತಿಗೆನೋ "ಹೊಲಿಗೆ ಇನ್ನೂ ನೋಯುತ್ತೆ ಕಣೋ" ಅಂದ್ರೆ, ಯಾವಾಗ ನೋಯುತ್ತೆ ಅಂತ ಒಮ್ಮೆ ಕೇಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.