ಬಭ್ರುವಾಹನ

ಬಭ್ರುವಾಹನನು ಅರ್ಜುನ ಹಾಗೂ ಮಣಿಪುರದ ರಾಜಕುಮಾರಿ ಚಿತ್ರಾಂಗದೆಯ ಮಗ. ತಾಯಿಯ ಮೇಲೆ ಬಂದ ಅಪವಾದವನ್ನು ತಂದೆಯೊಡನೆಯೇ ಕಾದಾಡಿ ಕಳೆದ ತರುಣ ವೀರನೆಂದು ಕನ್ನಡಿಗರಿಗೆ ಪರಿಚಿತನು. ಕಥೆಯ ಈ ರೂಪವು ದೇವನೂರಿನ ಲಕ್ಷ್ಮೀಶ ಕವಿಯು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ಜೈಮಿನಿ ಭಾರತದಿಂದ ಬಂದದ್ದು.

ಧರ್ಮರಾಯನ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಬಭ್ರುವಾಹನನು, ಅದರ ಕಾವಲಿಗೆ ಬಂದವನು ತನ್ನ ತಂದೆಯೆಂದು ತಿಳಿದು, ತಾಯಿಯ ಮಾತಿನಂತೆ ಕಾಣಿಕೆಗಳೊಡನೆ ಹೋಗಿ ನಮಸ್ಕರಿಸುತ್ತಾನೆ. ಅರ್ಜುನನು ಅವನನ್ನು ಒದ್ದು, ಇಂಥ ಹೇಡಿಯು ತನ್ನ ಮಗನಲ್ಲವೆಂದು ಚಿತ್ರಾಂಗದೆಯ ಶೀಲವನ್ನೇ ಹಳಿಯುತ್ತಾನೆ. ಯುದ್ಧದಲ್ಲಿ ಅರ್ಜುನನ ತಲೆ ಉರುಳುತ್ತದೆ. ಆದರೆ ಗೆದ್ದು ಬಂದ ಮಗನಿಗೆ ಕಾದಿದ್ದುದು ತಾಯಿಯ ವೈಧವ್ಯದ ಗೋಳು. ಅವನು ಪಾತಾಳಕ್ಕಿಳಿದು, ನಾಗರನ್ನು ಸೋಲಿಸಿ ಸಂಜೀವಕ ಮಣಿಯನ್ನು ತರುತ್ತಾನೆ. ಕೃಷ್ಣನ ಸಮ್ಮುಖದಲ್ಲಿ ಅರ್ಜುನನು ಮರಳಿ ಜೀವ ಪಡೆಯುತ್ತಾನೆ.

ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿ ಈ ಅಪವಾದವೇ ಇಲ್ಲ. ಅಲ್ಲಿ ಅರ್ಜುನನು ಗದರುವುದು ಮಗನು ಯುದ್ಧ ಮಾಡದೆ ಬಂದನೆಂದು. ಯುದ್ಧಕ್ಕೆ ಹುರಿದುಂಬಿಸುವವಳು ಉಲೂಪಿ. ಭೀಷ್ಮವಧೆಗಾಗಿ ವಸುಗಳು ಇತ್ತ ಶಾಪವೇ ಅರ್ಜುನನು ಬೀಳಲು ಕಾರಣ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಗ್ರಾಮಸ್ಥರೇ ಬಣ್ಣ ಹಚ್ಚಿ ಆಡುವ ಪೌರಾಣಿಕ ನಾಟಕಗಳಲ್ಲಿ ಕುರುಕ್ಷೇತ್ರದ್ದೇ ಮೇಲುಗೈ. ಬಭ್ರುವಾಹನನನ್ನು ಮನೆಮಾತಾಗಿಸಿದ್ದು ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ, 1977ರ ಚಲನಚಿತ್ರ ‘ಬಬ್ರುವಾಹನ’. ಇದರಲ್ಲಿ ತಂದೆ, ಮಗ ಎರಡೂ ಪಾತ್ರಗಳಲ್ಲಿ ನಟಿಸಿದವರು ರಾಜಕುಮಾರ್, ಚಿತ್ರಾಂಗದೆಯಾಗಿ ಬಿ. ಸರೋಜಾದೇವಿ ಅಭಿನಯಿಸಿದ್ದಾರೆ.